ಕೆಳಮನೆ ಒಬ್ಬರ ಕೈಲಿ, ಮೇಲ್ಮನೆ ಇನ್ನೊಬ್ಬರ ಕೈಲಿ: ಎಷ್ಟರ ಮಟ್ಟಿಗೆ ಭರವಸೆ ಇಡಬಹುದು?

ತುಂಗಾತೀರ (ಪ್ರಶ್ನೆ):

2023ರ ಮೇ ಚುನಾವಣೆಯಲ್ಲಿ 224 ಸ್ಥಾನಗಳ ವಿಧಾನಸಭೆಯಲ್ಲಿ ಕಾಂಗ್ರೆಸ್‌ಗೆ 135, ಬಿಜೆಪಿಗೆ 66, ಜೆಡಿಎಸ್‌ಗೆ 19 ಬಂದವು. ವಿಧಾನ ಪರಿಷತ್ತಿನಲ್ಲಿ ಮಾತ್ರ ಲೆಕ್ಕ ತಿರುವುಮುರುವು. ಅಲ್ಲಿ ಬಿಜೆಪಿ, ಜೆಡಿಎಸ್ ಒಟ್ಟಾದರೆ ಆಡಳಿತ ಪಕ್ಷಕ್ಕೆ ಬಹುಮತ ಇರಲಿಲ್ಲ. ಅದೇ ಜುಲೈನಲ್ಲಿ ಎಪಿಎಂಸಿ ತಿದ್ದುಪಡಿ ಮಸೂದೆಯನ್ನು ಮೇಲ್ಮನೆ ಸೆಲೆಕ್ಟ್ ಕಮಿಟಿಗೆ, ಅಂದರೆ ಮಸೂದೆಯನ್ನು ಪರಿಶೀಲಿಸಿ ವರದಿ ಕೊಡುವ ಸದಸ್ಯರ ಸಮಿತಿಗೆ, ಕಳಿಸಿತು. 2024ರ ಫೆಬ್ರವರಿ 23ರಂದು ಧಾರ್ಮಿಕ ದತ್ತಿ ತಿದ್ದುಪಡಿ ಮಸೂದೆ ಅಲ್ಲಿ ಸೋತೇಹೋಯಿತು. 2020ರಲ್ಲಿ ಬಿಜೆಪಿ ಸರ್ಕಾರ ಇದ್ದಾಗಲೂ ಇದೇ ಪರಿಸ್ಥಿತಿ, ಪಕ್ಷಗಳ ಜಾಗ ಮಾತ್ರ ಅದಲುಬದಲು.

ಯಾವ ಪಕ್ಷ ಸರಿ ಎಂಬ ಚರ್ಚೆ ಇಲ್ಲಿ ಬೇಡ. ಎರಡೂ ಮನೆ ಒಬ್ಬರ ಕೈಲಿದ್ದಾಗ ಎಷ್ಟೋ ಮಸೂದೆಗಳು ಗದ್ದಲದ ನಡುವೆ ಚರ್ಚೆಯೇ ಇಲ್ಲದೆ ಪಾಸಾಗುತ್ತವೆ. ಅಧಿಕಾರ ಹೀಗೆ ಹಂಚಿಹೋದಾಗಲಾದರೂ ಯಾರಾದರೂ ಕೂತು ಖಂಡ ಖಂಡವಾಗಿ (ಕಲಮು ಕಲಮಾಗಿ) ಓದಿಯಾರು ಎಂಬ ಆಸೆ ನನಗಿದೆ. ಈ ಆಸೆಗೆ ಆಧಾರ ಇದೆಯೇ? ಮೇಲ್ಮನೆ ಒಂದು ಮಸೂದೆಯನ್ನು ನಿಜಕ್ಕೂ ಎಷ್ಟು ದಿನ ನಿಲ್ಲಿಸಬಲ್ಲದು? ಸರ್ಕಾರ ಅದನ್ನು ದಾಟಿಹೋಗುವ ದಾರಿಗಳು ಯಾವುವು? ಆ ಸಮಯದಲ್ಲಿ ರೈತ ಸಂಘ, ದೇವಸ್ಥಾನದ ವ್ಯವಸ್ಥಾಪನಾ ಸಮಿತಿ, ಸಹಕಾರ ಸಂಘದಂಥವರು ಏನು ಮಾಡಬೇಕು?

ಕಲಾಪಪಟ್ಟಿ:

ಆಧಾರ ಇದೆ, ಆದರೆ ಅಳತೆ ಸಣ್ಣದು. ರಾಜ್ಯದ ಮೇಲ್ಮನೆಗೆ ಮಸೂದೆಯನ್ನು ಶಾಶ್ವತವಾಗಿ ತಡೆಯುವ ಶಕ್ತಿ ಇಲ್ಲ, ಸ್ವಲ್ಪ ಕಾಲ ನಿಲ್ಲಿಸಿಕೊಳ್ಳುವ ಶಕ್ತಿ ಮಾತ್ರ ಇದೆ. ರಾಜ್ಯಸಭೆಯನ್ನು ನೋಡಿ ಪರಿಷತ್ತನ್ನು ಅಳೆಯಬೇಡಿ. ಸಂಸತ್ತಿನ ಎರಡು ಸದನಗಳಿಗೆ ಹೊಂದಾಣಿಕೆ ಆಗದಿದ್ದರೆ ಜಂಟಿ ಅಧಿವೇಶನ ಕರೆಯಲು ದಾರಿ ಇದೆ. ರಾಜ್ಯಗಳಲ್ಲಿ ಆ ಏರ್ಪಾಡೇ ಇಲ್ಲ. ಇಲ್ಲಿ ನಡೆಯುವುದು ಸಂವಿಧಾನದ 197ನೇ ವಿಧಿ, ಅದರ ಪ್ರಕಾರ ಕೊನೆಯ ಮಾತು ವಿಧಾನಸಭೆಯದ್ದು.

ಕ್ರಮ ಹೀಗೆ. ವಿಧಾನಸಭೆ ಪಾಸು ಮಾಡಿದ ಮಸೂದೆ ಪರಿಷತ್ತಿಗೆ ಬರುತ್ತದೆ. ಪರಿಷತ್ತು ಅದನ್ನು ತಿರಸ್ಕರಿಸಬಹುದು, ವಿಧಾನಸಭೆ ಒಪ್ಪದ ತಿದ್ದುಪಡಿ ಹಾಕಿ ಕಳಿಸಬಹುದು, ಇಲ್ಲವೇ ಸುಮ್ಮನೆ ಇಟ್ಟುಕೊಳ್ಳಬಹುದು. ಸುಮ್ಮನೆ ಇಟ್ಟುಕೊಂಡರೆ, ಪರಿಷತ್ತಿನಲ್ಲಿ ಮಂಡನೆಯಾದ ದಿನದಿಂದ ಮೂರು ತಿಂಗಳು ದಾಟಬೇಕು. ಈ ಮೂರರಲ್ಲಿ ಯಾವುದಾದರೂ ಆದ ಮೇಲೆ ವಿಧಾನಸಭೆ ಅದನ್ನು ಎರಡನೇ ಸಲ ಪಾಸು ಮಾಡಬಹುದು. ಎರಡನೇ ಸಲ ಬಂದಾಗ ಪರಿಷತ್ತಿಗೆ ಸಿಗುವುದು ಒಂದೇ ತಿಂಗಳು. ಆಗಲೂ ತಿರಸ್ಕರಿಸಿದರೆ, ಒಪ್ಪಿಗೆಯಾಗದ ತಿದ್ದುಪಡಿ ಹಾಕಿದರೆ ಅಥವಾ ತಿಂಗಳು ಕಳೆದರೆ, ಎರಡೂ ಸದನ ಪಾಸು ಮಾಡಿದಂತೆಯೇ ಲೆಕ್ಕ.

ಕಾಗದದ ಮೇಲೆ ಇದು ನಾಲ್ಕು ತಿಂಗಳು. ಕ್ಯಾಲೆಂಡರ್ ಮೇಲೆ ಇಟ್ಟು ನೋಡಿದರೆ ಹೆಚ್ಚು. ಮಸೂದೆ ಜುಲೈ 20ಕ್ಕೆ ಪರಿಷತ್ತಿನಲ್ಲಿ ಮಂಡನೆಯಾಯಿತು ಎನ್ನಿ. ಅಕ್ಟೋಬರ್ 20ಕ್ಕೆ ಮೂರು ತಿಂಗಳು. ಆದರೆ ಎರಡನೇ ಸಲ ಪಾಸು ಮಾಡಲು ವಿಧಾನಸಭೆ ಕೂತಿರಬೇಕಲ್ಲ? ವಿಶೇಷ ಅಧಿವೇಶನ ಕರೆಯದಿದ್ದರೆ ಅದು ಬೆಳಗಾವಿಯ ಡಿಸೆಂಬರ್ ಅಧಿವೇಶನಕ್ಕೆ ಹೋಗುತ್ತದೆ. ಆಮೇಲೆ ಒಂದು ತಿಂಗಳು. ಅಲ್ಲಿಗೆ ಜನವರಿ, ಅಂದರೆ ಆರು ತಿಂಗಳು. ಅದಾದ ಮೇಲೆ ರಾಜ್ಯಪಾಲರ ಅಂಕಿತ.

ಇಲ್ಲಿ ಬಹಳ ಜನ ಎಡವುವ ಒಂದು ಜಾಗ ಇದೆ. ಜಂಟಿ ಅಧಿವೇಶನಕ್ಕೆ ಮುಂಚೆ ಸಂಸತ್ತಿನಲ್ಲಿ ಕಾಯುವ ಆರು ತಿಂಗಳ ಲೆಕ್ಕದಲ್ಲಿ ಸದನ ನಾಲ್ಕು ದಿನಕ್ಕಿಂತ ಹೆಚ್ಚು ಸತತವಾಗಿ ಮುಂದೂಡಿಕೆಯಾಗಿದ್ದರೆ ಆ ದಿನಗಳನ್ನು ಬಿಡುತ್ತಾರೆ. 197ನೇ ವಿಧಿಯಲ್ಲಿ ಅಂಥ ರಿಯಾಯಿತಿ ಇಲ್ಲ. ಸದನ ಕೂತಿರಲಿ, ಬಿಡಲಿ, ದಿನ ಓಡುತ್ತಲೇ ಇರುತ್ತದೆ. ಸೆಲೆಕ್ಟ್ ಕಮಿಟಿಗೆ ಕಳಿಸಿದರೂ ಓಟ ನಿಲ್ಲುವುದಿಲ್ಲ. ಹಾಗಾಗಿ ಸಮಿತಿ ಎರಡು ತಿಂಗಳು ಬರೀ ರಚನೆಯಲ್ಲೇ ಕಳೆದರೆ ಕೈಗೆ ಬಂದ ಅವಕಾಶ ಅಷ್ಟರ ಮಟ್ಟಿಗೆ ಹೋಯಿತು.

ಇನ್ನೊಂದು ಮಾತು. ಮೇಲ್ಮನೆಯಲ್ಲಿ ಸೋತರೆ ಸರ್ಕಾರ ಬೀಳುವುದಿಲ್ಲ. 164ನೇ ವಿಧಿಯ ಪ್ರಕಾರ ಮಂತ್ರಿಮಂಡಲ ಉತ್ತರ ಕೊಡಬೇಕಾದದ್ದು ವಿಧಾನಸಭೆಗೆ ಮಾತ್ರ.

ನೇಗಿಲು:

ಕಲಾಪಪಟ್ಟಿಯವರ ಲೆಕ್ಕ ಸರಿ. ಆ ಆರು ತಿಂಗಳೂ ಸಿಗದಂತೆ ಮಾಡುವ ಎರಡು ದಾರಿಗಳು ಸರ್ಕಾರಕ್ಕೆ ಇವೆ, ಅವು ಗೊತ್ತಿಲ್ಲದೆ ಭರವಸೆ ಇಟ್ಟರೆ ಮುಗ್ಗರಿಸುತ್ತೇವೆ.

ಮೊದಲನೆಯದು ಹಣಕಾಸು ಮಸೂದೆ (ಮನಿ ಬಿಲ್). 198ನೇ ವಿಧಿಯ ಪ್ರಕಾರ ಅಂಥ ಮಸೂದೆಯನ್ನು ಪರಿಷತ್ತು 14 ದಿನಗಳಲ್ಲಿ ಶಿಫಾರಸಿನೊಂದಿಗೆ ವಾಪಸ್ ಕಳಿಸಬೇಕು. ಶಿಫಾರಸನ್ನು ಒಪ್ಪುವುದು, ಬಿಡುವುದು ವಿಧಾನಸಭೆಯ ಇಷ್ಟ. ಯಾವುದು ಹಣಕಾಸು ಮಸೂದೆ ಎಂದು ತೀರ್ಮಾನಿಸುವವರು ಸ್ಪೀಕರ್. ಹಾಗೆಂದು ಹಣದ ಮಾತು ಬಂದದ್ದೆಲ್ಲ ಹಣಕಾಸು ಮಸೂದೆ ಆಗುವುದಿಲ್ಲ. ದಂಡ, ಲೈಸೆನ್ಸ್ ಶುಲ್ಕ, ಸೇವಾ ಶುಲ್ಕ, ಪಂಚಾಯಿತಿ ಅಥವಾ ಪುರಸಭೆ ಸ್ಥಳೀಯ ಉದ್ದೇಶಕ್ಕೆ ಹಾಕುವ ತೆರಿಗೆ ಇಷ್ಟೇ ಕಾರಣಕ್ಕೆ ಮಸೂದೆ ಆ ಗುಂಪಿಗೆ ಸೇರುವುದಿಲ್ಲ ಎಂದು 199ನೇ ವಿಧಿ ಸ್ಪಷ್ಟವಾಗಿ ಹೇಳಿದೆ. ಹಾಗಾಗಿ ಮಸೂದೆ ಪರಿಷತ್ತಿಗೆ ಬಂದ ದಿನವೇ ಅದರ ಮೇಲೆ ಸ್ಪೀಕರ್ ಪ್ರಮಾಣಪತ್ರ ಇದೆಯೇ ಎಂದು ನೋಡಿ. ಇದ್ದರೆ ನಿಮಗಿರುವುದು ಎರಡು ವಾರ.

ಎರಡನೆಯದು ಸುಗ್ರೀವಾಜ್ಞೆ. ಎರಡೂ ಸದನ ನಡೆಯುತ್ತಿರುವಾಗ ಮಾತ್ರ ಇದಕ್ಕೆ ಅಡ್ಡಿ. ಒಂದು ಸದನ ಅಧಿವೇಶನದಲ್ಲಿ ಇಲ್ಲದಿದ್ದರೂ ರಾಜ್ಯಪಾಲರು ಹೊರಡಿಸಬಹುದು. ಸದನ ಮತ್ತೆ ಸೇರಿದ ದಿನದಿಂದ ಆರು ವಾರ ಅದಕ್ಕೆ ಆಯುಸ್ಸು. ಪರಿಷತ್ತು ಒಂದೇ ನಿರ್ಣಯ ಮಾಡಿ ಅದನ್ನು ಕೆಡವಲಾರದು. ಮೊದಲು ವಿಧಾನಸಭೆ ಅಸಮ್ಮತಿಯ ನಿರ್ಣಯ ಮಾಡಬೇಕು, ಆಮೇಲೆ ಪರಿಷತ್ತು ಅದಕ್ಕೆ ದನಿಗೂಡಿಸಬೇಕು. ಗೋಹತ್ಯೆ ತಡೆ ಮಸೂದೆಯಲ್ಲಿ ಆದದ್ದು ನೋಡಿ. 2020ರ ಡಿಸೆಂಬರ್‌ನಲ್ಲಿ ವಿಧಾನಸಭೆ ಪಾಸು ಮಾಡಿತು, ಪರಿಷತ್ತು ಕೈಗೆತ್ತಿಕೊಳ್ಳುವ ಮೊದಲೇ ಮುಂದೂಡಿಕೆಯಾಯಿತು, 2021ರ ಜನವರಿಯಲ್ಲಿ ಸುಗ್ರೀವಾಜ್ಞೆ ಬಂತು, ಫೆಬ್ರವರಿಯಲ್ಲಿ ಪರಿಷತ್ತಿನಲ್ಲೂ ಧ್ವನಿಮತದಿಂದ ಪಾಸಾಯಿತು. ಮತಾಂತರ ತಡೆ ಮಸೂದೆಗೂ ಇದೇ ಹಾದಿ: 2021ರ ಡಿಸೆಂಬರ್‌ನಲ್ಲಿ ವಿಧಾನಸಭೆ, 2022ರ ಮೇನಲ್ಲಿ ಸುಗ್ರೀವಾಜ್ಞೆ, ಸೆಪ್ಟೆಂಬರ್‌ನಲ್ಲಿ ಪರಿಷತ್ತು.

ಸುಗ್ರೀವಾಜ್ಞೆಗೂ ಒಂದು ಕಡಿವಾಣ ಇದೆ. ಸದನದ ಮುಂದೆ ಇಡದೆ ಮತ್ತೆ ಮತ್ತೆ ಹೊರಡಿಸುವುದು ಸಂವಿಧಾನಕ್ಕೆ ಮಾಡುವ ವಂಚನೆ ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಬಿಹಾರದ ಪ್ರಕರಣದಲ್ಲಿ ಏಳು ನ್ಯಾಯಮೂರ್ತಿಗಳ ಪೀಠದಿಂದ ಹೇಳಿದೆ. ಆದ್ದರಿಂದ ಸುಗ್ರೀವಾಜ್ಞೆ ಬಂದ ಕೂಡಲೇ ಎರಡು ದಿನಾಂಕ ಬರೆದಿಟ್ಟುಕೊಳ್ಳಿ: ಸದನ ಮತ್ತೆ ಸೇರುವ ದಿನ, ಅಲ್ಲಿಂದ 42ನೇ ದಿನ.

ಇದನ್ನೆಲ್ಲ ನೋಡಿದರೆ ನನಗೆ ನಿಮ್ಮಷ್ಟು ಆಸೆ ಬರುವುದಿಲ್ಲ. ಆಂಧ್ರವನ್ನೇ ನೋಡಿ. 2019ರಲ್ಲಿ ವೈಎಸ್‌ಆರ್ ಕಾಂಗ್ರೆಸ್‌ಗೆ 175ರಲ್ಲಿ 151 ಸ್ಥಾನ, ಮೇಲ್ಮನೆಯಲ್ಲಿ ಮಾತ್ರ ತೆಲುಗುದೇಶಂ ಬಹುಮತ. 2020ರ ಜನವರಿಯಲ್ಲಿ ರಾಜ್ಯಕ್ಕೆ ಮೂರು ರಾಜಧಾನಿಗಳನ್ನು ಮಾಡುವ ಮಸೂದೆಗಳನ್ನು ಮೇಲ್ಮನೆ ಸೆಲೆಕ್ಟ್ ಕಮಿಟಿಗೆ ಕಳಿಸಿತು. ವಾರ ಕಳೆಯುವುದರೊಳಗೆ ವಿಧಾನಸಭೆ ಮೇಲ್ಮನೆಯನ್ನೇ ರದ್ದು ಮಾಡಿ ಎಂಬ ನಿರ್ಣಯ ಪಾಸು ಮಾಡಿತು. ಜೂನ್‌ನಲ್ಲಿ ಮಸೂದೆಗಳು ಎರಡನೇ ಸಲ ಬಂದವು, ಜುಲೈ ಕೊನೆಗೆ ರಾಜ್ಯಪಾಲರ ಅಂಕಿತವೂ ಬಿತ್ತು.

ಕಲಾಪಪಟ್ಟಿ:

ನೇಗಿಲು ಅವರೇ, ಆಂಧ್ರದ ಕತೆಯನ್ನು ಇನ್ನೊಂದು ಹೆಜ್ಜೆ ಮುಂದೆ ಓದಿ. ಜನವರಿಯಿಂದ ಜುಲೈ, ಅದೇ ಆರು ತಿಂಗಳು. ಮುಂದೆ 2021ರ ನವೆಂಬರ್‌ನಲ್ಲಿ ಅದೇ ಸರ್ಕಾರ ಆ ಕಾನೂನುಗಳನ್ನು ವಾಪಸ್ ಪಡೆಯಿತು, ಮೇಲ್ಮನೆ ರದ್ದತಿಯ ನಿರ್ಣಯವನ್ನೂ ಹಿಂತೆಗೆದುಕೊಂಡಿತು. ರದ್ದು ಮಾಡುವುದು ಅಷ್ಟು ಸುಲಭವೂ ಅಲ್ಲ. 169ನೇ ವಿಧಿಯ ಪ್ರಕಾರ ವಿಧಾನಸಭೆಯ ಒಟ್ಟು ಸದಸ್ಯಬಲದ ಬಹುಮತ, ಹಾಜರಿದ್ದು ಮತ ಹಾಕಿದವರ ಮೂರನೇ ಎರಡು, ಆಮೇಲೆ ಸಂಸತ್ತಿನ ಕಾನೂನು ಬೇಕು. ಆರು ತಿಂಗಳನ್ನು ಕಡಿಮೆ ಎನ್ನಬೇಡಿ. ಕಾನೂನಿನ ಪಠ್ಯ ಹೊರಗಿನವರ ಕೈಗೆ ಸಿಕ್ಕು, ಅದನ್ನು ಓದಿ, ತಪ್ಪು ಹುಡುಕಿ, ಬರೆದು ಕಳಿಸಲು ಅಷ್ಟು ಕಾಲ ಸಾಮಾನ್ಯವಾಗಿ ಸಿಗುವುದೇ ಇಲ್ಲ.

ಆದರೆ ಸಿಕ್ಕ ಕಾಲವನ್ನು ಮೇಲ್ಮನೆಯೇ ಕೈಚೆಲ್ಲುತ್ತದೆ. ನನ್ನ ಮುಖ್ಯ ಮಾತು ಇದೇ. 197ನೇ ವಿಧಿಯ ಒಂದು ಸಾಲನ್ನು ಗಮನವಿಟ್ಟು ಓದಬೇಕು: ವಿಧಾನಸಭೆ ಎರಡನೇ ಸಲ ಪಾಸು ಮಾಡುವಾಗ ಸೇರಿಸಿಕೊಳ್ಳಬಹುದಾದ ತಿದ್ದುಪಡಿಗಳು ಯಾವುವೆಂದರೆ ಪರಿಷತ್ತು ಮಾಡಿದವು, ಸೂಚಿಸಿದವು ಅಥವಾ ಒಪ್ಪಿದವು. ಪರಿಷತ್ತು ಏನೂ ಸೂಚಿಸದೆ ಮಸೂದೆಯನ್ನು ಸಾರಾಸಗಟು ಸೋಲಿಸಿದರೆ ಸೇರಿಸಿಕೊಳ್ಳಲು ಏನೂ ಉಳಿಯುವುದಿಲ್ಲ. ಆಗ ಮಸೂದೆ ಮೊದಲಿದ್ದಂತೆಯೇ ಎರಡನೇ ಸಲ ಹೋಗುತ್ತದೆ. ಸರ್ಕಾರಕ್ಕೇ ಒಂದು ಖಂಡ ತಿದ್ದಬೇಕು ಅನ್ನಿಸಿದರೂ ಬೇರೆ ತಿದ್ದುಪಡಿ ಮಸೂದೆ ತರಬೇಕು.

ಸಾರಾಸಗಟು ಸೋಲಿಸಿದರೆ ಇನ್ನೊಂದು ನಷ್ಟವೂ ಇದೆ. ಆ ಮೂರು ತಿಂಗಳು ಕಾಯುವುದೇ ಬೇಡ. ದತ್ತಿ ಮಸೂದೆ ಪರಿಷತ್ತಿನಲ್ಲಿ ಬಿದ್ದದ್ದು ಫೆಬ್ರವರಿ 23, ವಿಧಾನಸಭೆ ಅದನ್ನು ಮತ್ತೆ ಪಾಸು ಮಾಡಿದ್ದು 29. ಆರು ದಿನ! ಸೋಲಿಸಿದ ಸಂಭ್ರಮ ಮರುದಿನದ ಪತ್ರಿಕೆಗೆ ಸಾಕಾಯಿತು, ಪಠ್ಯದ ಒಂದು ಪದವೂ ಆ ಸೋಲಿನಿಂದ ಬದಲಾಗಲಿಲ್ಲ. ಮುಂದೆ ಅದು ರಾಜ್ಯಪಾಲರ ಬಳಿ ಹೋಗಿ ವಿವರಣೆ ಕೇಳಿ ವಾಪಸ್ ಬಂದದ್ದು ಬೇರೆ ವಿಷಯ, ಅದಕ್ಕೂ ಪರಿಷತ್ತಿನ ಕೆಲಸಕ್ಕೂ ಸಂಬಂಧ ಇಲ್ಲ.

ಆದ್ದರಿಂದ ಬಹುಮತ ಇರುವ ವಿರೋಧ ಪಕ್ಷ ಮಾಡಬೇಕಾದ ಕೆಲಸ ಎರಡು. ಮೊದಲು ಮಸೂದೆಯನ್ನು ಸೆಲೆಕ್ಟ್ ಕಮಿಟಿಗೆ ಕಳಿಸಿ, ಆರೇಳು ವಾರದೊಳಗೆ ವರದಿ ಕೊಡಬೇಕೆಂದು ಅವಧಿ ಗೊತ್ತುಮಾಡುವುದು. ಆಮೇಲೆ ಆಯ್ದ ಮೂರು ನಾಲ್ಕು ತಿದ್ದುಪಡಿಗಳೊಂದಿಗೆ ಪಾಸು ಮಾಡಿ ವಾಪಸ್ ಕಳಿಸುವುದು. ಸರ್ಕಾರಕ್ಕೂ ಆಗ ಲೆಕ್ಕ ಸುಲಭ: ಆ ತಿದ್ದುಪಡಿಗಳನ್ನು ಒಪ್ಪಿಕೊಂಡರೆ ಮಸೂದೆ ನೇರ ರಾಜ್ಯಪಾಲರ ಅಂಕಿತಕ್ಕೆ, ಒಪ್ಪದಿದ್ದರೆ ಮತ್ತೊಂದು ಸುತ್ತು. ಹೊಂದಾಣಿಕೆ ಹುಟ್ಟುವುದು ಅಲ್ಲೇ.

ಮತದ ಬಗ್ಗೆಯೂ ಒಂದು ಮಾತು. ಧ್ವನಿಮತದಲ್ಲಿ ಯಾರು ಯಾವ ಕಡೆ ಎಂಬ ದಾಖಲೆ ಉಳಿಯುವುದಿಲ್ಲ. ಪೀಠದಲ್ಲಿರುವವರು ಫಲಿತಾಂಶ ಹೇಳಿದ ಆ ಕ್ಷಣದಲ್ಲೇ ಸದಸ್ಯರು ‘ಡಿವಿಜನ್’, ಅಂದರೆ ಒಬ್ಬೊಬ್ಬರ ಮತ ಎಣಿಸಿ ದಾಖಲಿಸುವುದನ್ನು, ಕೇಳಬೇಕು. ಗದ್ದಲದಲ್ಲಿ ಸದನದ ಬಾವಿಯಲ್ಲಿ (ಪೀಠದ ಮುಂದಿನ ಜಾಗದಲ್ಲಿ) ನಿಂತವರಿಗೆ ಅದು ಸಾಧ್ಯವಾಗುವುದಿಲ್ಲ, ಮಸೂದೆ ದಾಟಿಹೋಗಿರುತ್ತದೆ. ನಿಮ್ಮ ಕ್ಷೇತ್ರದ ಪರಿಷತ್ ಸದಸ್ಯರಿಗೆ ಬೇರೇನೂ ಹೇಳದಿದ್ದರೂ ಇದೊಂದನ್ನು ಹೇಳಿ.

ಹೊಳೆಸಾಲು:

ಮೂಲ ಪ್ರಶ್ನೆಯ ಕೊನೆಯ ಭಾಗಕ್ಕೆ, ಅಂದರೆ ಸಂಘ ಸಂಸ್ಥೆಗಳು ಏನು ಮಾಡಬೇಕು ಎಂಬುದಕ್ಕೆ ಉತ್ತರ ಬರೆಯುತ್ತೇನೆ.

ಮೊದಲು ಮಸೂದೆಯ ಪ್ರತಿ. ವಿಧಾನಸಭೆಯಲ್ಲಿ ಮಂಡನೆಯಾದದ್ದು ಒಂದು, ಪಾಸಾದ ರೂಪ ಇನ್ನೊಂದು. ಪರಿಷತ್ತಿಗೆ ಬರುವುದು ಎರಡನೆಯದು. ಅದನ್ನೇ ಹಿಡಿಯಿರಿ. ಕನ್ನಡ ಮತ್ತು ಇಂಗ್ಲಿಷ್ ಪಠ್ಯಗಳನ್ನು ಪಕ್ಕಪಕ್ಕ ಇಟ್ಟು ಓದಿ. 348ನೇ ವಿಧಿಯ ಕಾರಣದಿಂದ ಇಂಗ್ಲಿಷ್ ಪಠ್ಯಕ್ಕೆ ಅಧಿಕೃತ ಸ್ಥಾನ ಇದೆ, ಎರಡರ ನಡುವೆ ವ್ಯತ್ಯಾಸ ಕಂಡರೆ ಅದೇ ಒಂದು ಒಳ್ಳೆಯ ತಿದ್ದುಪಡಿ ಸೂಚನೆ. ಕೊನೆಯಲ್ಲಿರುವ ಉದ್ದೇಶ ಮತ್ತು ಕಾರಣಗಳ ಹೇಳಿಕೆಯನ್ನು ಓದಿ ಮಸೂದೆ ಅರ್ಥವಾಯಿತು ಅಂದುಕೊಳ್ಳಬೇಡಿ. ಅದು ಸರ್ಕಾರದ ಮಾತು. ಕಾನೂನು ಇರುವುದು ಖಂಡಗಳಲ್ಲಿ.

ಖಂಡಗಳಲ್ಲಿ ಹುಡುಕಬೇಕಾದದ್ದು: ‘ನಿಯಮಿಸಬಹುದಾದಂಥ’ ಎಂಬ ಪದ ಎಷ್ಟು ಕಡೆ ಇದೆ? ಅದು ಇರುವ ಕಡೆಯೆಲ್ಲ ನಿಜವಾದ ತೀರ್ಮಾನವನ್ನು ಮುಂದೆ ನಿಯಮಗಳ ಮೂಲಕ ಇಲಾಖೆ ಮಾಡುತ್ತದೆ. ಯಾವ ದಿನಾಂಕದಿಂದ ಜಾರಿ? ಹಳೆಯ ಕಾನೂನಿನಡಿ ಆಗಿರುವ ಒಪ್ಪಂದ, ನೇಮಕ, ಬಾಕಿಗಳ ಗತಿ ಏನು? ಶೇಕಡಾವಾರು ಅಂಕಿ ಇದ್ದರೆ ಯಾವುದರ ಶೇಕಡಾವಾರು? ಈ ಕೊನೆಯದರಲ್ಲಿ ಬಹಳ ಜನ ಎಚ್ಚರ ತಪ್ಪುತ್ತಾರೆ. ದತ್ತಿ ಮಸೂದೆಯಲ್ಲಿ 10 ಲಕ್ಷದಿಂದ 1 ಕೋಟಿವರೆಗೆ ಆದಾಯದ ದೇವಸ್ಥಾನಗಳು ಶೇ 5, 1 ಕೋಟಿ ಮೀರಿದವು ಶೇ 10 ಕೊಡಬೇಕು ಎಂಬ ಮಾತಿತ್ತು. ಒಂದು ದೇವಸ್ಥಾನಕ್ಕೆ ವರ್ಷಕ್ಕೆ 1 ಕೋಟಿ 20 ಲಕ್ಷ ಬಂದು, 90 ಲಕ್ಷ ಖರ್ಚಾಗುತ್ತದೆ ಎಂದುಕೊಳ್ಳಿ. ಒಟ್ಟು ಆದಾಯದ ಶೇ 10 ಎಂದರೆ 12 ಲಕ್ಷ. ಖರ್ಚು ಕಳೆದು ಉಳಿದ 30 ಲಕ್ಷದ ಶೇ 10 ಎಂದರೆ 3 ಲಕ್ಷ. ಒಂದೇ ಪದದ ಮೇಲೆ 9 ಲಕ್ಷದ ವ್ಯತ್ಯಾಸ. ಬೀದಿಯ ವಾದದಲ್ಲಿ ಈ ಪದ ಯಾರ ಬಾಯಲ್ಲೂ ಬರುವುದಿಲ್ಲ, ಸೆಲೆಕ್ಟ್ ಕಮಿಟಿಯಲ್ಲಿ ಬರಬೇಕು.

ಮನವಿ ಬರೆಯುವ ರೀತಿ: ಒಂದು ಖಂಡಕ್ಕೆ ಒಂದು ಪುಟ. ಮೇಲೆ ಖಂಡದ ಸಂಖ್ಯೆ. ಅದರ ಕೆಳಗೆ ಈಗಿರುವ ಕಾನೂನಿನ ಪದಗಳು, ಮಸೂದೆಯ ಪದಗಳು, ಅಂಕಿ ಸಮೇತ ಆಗುವ ಪರಿಣಾಮ, ಕೊನೆಗೆ ನೀವು ಸೂಚಿಸುವ ಬದಲಿ ಪದಗಳು. ಈ ಬದಲಿ ಪದಗಳೇ ಜೀವಾಳ. ‘ಈ ಖಂಡವನ್ನು ಪುನರ್‌ಪರಿಶೀಲಿಸಬೇಕು’ ಎಂದು ಬರೆದರೆ ಸದಸ್ಯರು ಏನು ಮಾಡಿಯಾರು? ‘ಒಟ್ಟು ಆದಾಯ ಎಂಬಲ್ಲಿ ನಿವ್ವಳ ಆದಾಯ ಎಂದಿರತಕ್ಕದ್ದು’ ಎಂದು ಬರೆದರೆ ಅವರು ಅದನ್ನೇ ತಿದ್ದುಪಡಿಯಾಗಿ ಮಂಡಿಸಬಹುದು. ಇಡೀ ಮಸೂದೆಯನ್ನು ವಿರೋಧಿಸುವ, ಸಾವಿರ ಸಹಿ ಇರುವ, ಒಂದೇ ಒಕ್ಕಣೆಯ ಪತ್ರಗಳಿಂದ ಈ ಹಂತದಲ್ಲಿ ಏನೂ ಆಗುವುದಿಲ್ಲ. ಅವುಗಳ ಜಾಗ ವಿಧಾನಸಭೆಗೆ ಮಸೂದೆ ಬರುವ ಮುಂಚೆ.

ಪರಿಷತ್ತಿನ ಕಾರ್ಯದರ್ಶಿಯ ಮೂಲಕ ಸಮಿತಿಯ ಅಧ್ಯಕ್ಷರಿಗೆ ಕಳಿಸಿ, ಸ್ವೀಕೃತಿ ಪಡೆಯಿರಿ. ಸಮಿತಿಯಲ್ಲಿರುವ ಎಲ್ಲ ಪಕ್ಷದ ಸದಸ್ಯರಿಗೂ ಪ್ರತಿ ತಲುಪಿಸಿ, ಆಡಳಿತ ಪಕ್ಷದವರನ್ನು ಬಿಡಬೇಡಿ. ನಿಮ್ಮ ತಿದ್ದುಪಡಿ ಕೊನೆಗೆ ಉಳಿಯಬೇಕಾದರೆ ಅದನ್ನು ಒಪ್ಪಬೇಕಾದವರು ಕೆಳಮನೆಯಲ್ಲಿ ಬಹುಮತ ಇರುವವರೇ. ಇಲಾಖೆಯ ಕಾರ್ಯದರ್ಶಿಗೂ ಒಂದು ಪ್ರತಿ ಹೋಗಲಿ. ಸಮಿತಿಯ ಮುಂದೆ ಉತ್ತರ ಕೊಡಲು ಬರುವವರು ಇಲಾಖೆಯವರು, ನಿಮ್ಮ ಲೆಕ್ಕ ಮೊದಲೇ ಅವರ ಕೈಲಿದ್ದರೆ ಉತ್ತರವೂ ಲೆಕ್ಕದಲ್ಲೇ ಬರುತ್ತದೆ.

ತುಂಗಾತೀರ:

ಎಲ್ಲರಿಗೂ ಧನ್ಯವಾದ. ಸೋಲಿಸುವುದಕ್ಕಿಂತ ತಿದ್ದಿ ಕಳಿಸುವುದು ದೊಡ್ಡ ಕೆಲಸ ಎಂಬುದು ನನಗೆ ಹೊಳೆದೇ ಇರಲಿಲ್ಲ. ಇನ್ನೊಂದೇ ಪ್ರಶ್ನೆ. ಈ ಹಂಚಿಕೆ ಎಷ್ಟು ಕಾಲ ಇರುತ್ತದೆ ಎಂದು ಮೊದಲೇ ಲೆಕ್ಕ ಹಾಕಬಹುದೇ? 2028ರ ವಿಧಾನಸಭಾ ಚುನಾವಣೆ ಆದ ಮೇಲೂ ಹೀಗೇ ಆಗಬಹುದೇ?

ಕಲಾಪಪಟ್ಟಿ:

ಬಹುಪಾಲು ಹಾಕಬಹುದು. ಪರಿಷತ್ತಿನ 75 ಸ್ಥಾನಗಳಲ್ಲಿ 25 ವಿಧಾನಸಭಾ ಸದಸ್ಯರಿಂದ, 25 ಸ್ಥಳೀಯ ಸಂಸ್ಥೆಗಳಿಂದ, 7 ಪದವೀಧರರಿಂದ, 7 ಶಿಕ್ಷಕರಿಂದ, 11 ನಾಮನಿರ್ದೇಶನ. ಅವಧಿ ಆರು ವರ್ಷ, ಸದನ ವಿಸರ್ಜನೆಯಾಗುವುದಿಲ್ಲ.

ಮೊದಲ 25ರ ಗುಂಪು 11, 7, 7 ಎಂದು ಎರಡೆರಡು ವರ್ಷಕ್ಕೆ ಭರ್ತಿಯಾಗುತ್ತದೆ. 11 ಸ್ಥಾನಕ್ಕೆ ಒಬ್ಬರು ಗೆಲ್ಲಲು ಬೇಕಾದ ಮತ: 224 ಮತಗಳನ್ನು 100ರ ಮೌಲ್ಯದಲ್ಲಿ 22,400 ಮಾಡಿ, 12ರಿಂದ (ಸ್ಥಾನಗಳಿಗಿಂತ ಒಂದು ಹೆಚ್ಚು) ಭಾಗಿಸಿ, ಒಂದು ಸೇರಿಸಿ. ಹತ್ತಿರ ಹತ್ತಿರ 19 ಶಾಸಕರು. 135ಕ್ಕೆ ಏಳು, 66ಕ್ಕೆ ಮೂರು, 19ಕ್ಕೆ ಒಂದು. 2024ರ ಜೂನ್‌ನಲ್ಲಿ ಆದದ್ದೂ ಅದೇ: ಕಾಂಗ್ರೆಸ್ 7, ಬಿಜೆಪಿ 3, ಜೆಡಿಎಸ್ 1, ಎಲ್ಲರೂ ಅವಿರೋಧ. 7 ಸ್ಥಾನ ಇದ್ದಾಗ ಎಂಟರಿಂದ ಭಾಗಿಸಬೇಕು, ಆಗ ಒಬ್ಬರಿಗೆ 29 ಶಾಸಕರು ಬೇಕು. ಹೀಗೆ ಹೊಸ ವಿಧಾನಸಭೆಯ ಬಣ್ಣ ಪರಿಷತ್ತಿಗೆ ನಿಧಾನವಾಗಿ ಇಳಿಯುತ್ತದೆ.

ಇಳಿಯದಿರುವುದು ಸ್ಥಳೀಯ ಸಂಸ್ಥೆಗಳ 25. ಅವೆಲ್ಲ ಒಟ್ಟಿಗೇ ಭರ್ತಿಯಾಗುತ್ತವೆ. 2021ರ ಡಿಸೆಂಬರ್‌ನಲ್ಲಿ ಬಿಜೆಪಿ 11, ಕಾಂಗ್ರೆಸ್ 11, ಜೆಡಿಎಸ್ 2, ಪಕ್ಷೇತರ 1. ಆ ಅವಧಿ ಮುಗಿಯುವುದು 2028ರ ಜನವರಿಯಲ್ಲಿ, ಅಂದರೆ ವಿಧಾನಸಭಾ ಚುನಾವಣೆಗೆ ನಾಲ್ಕೈದು ತಿಂಗಳ ಮುಂಚೆ. ಆಗ ಅಧಿಕಾರದಲ್ಲಿ ಇರುವವರಿಗೆ ಇದರಲ್ಲಿ ಹೆಚ್ಚು ಪಾಲು ಸಿಕ್ಕಿ, ಮೇನಲ್ಲಿ ವಿಧಾನಸಭೆ ಕೈತಪ್ಪಿದರೆ, ಮತ್ತೆ ಇದೇ ಚಿತ್ರ.

ಹೊಳೆಸಾಲು:

ಅದಕ್ಕೆ ಒಂದು ಷರತ್ತು ಸೇರಿಸಬೇಕು. ಸ್ಥಳೀಯ ಸಂಸ್ಥೆಗಳ ಕ್ಷೇತ್ರಕ್ಕೆ ಚುನಾವಣೆ ನಡೆಸಲು ಅಲ್ಲಿನ ಶೇ 75ರಷ್ಟು ಸಂಸ್ಥೆಗಳು ಕೆಲಸ ಮಾಡುತ್ತಿರಬೇಕು, ಮತ ಹಾಕಬೇಕಾದ ಸದಸ್ಯರಲ್ಲಿ ಶೇ 75ರಷ್ಟು ಜನ ಸ್ಥಾನದಲ್ಲಿರಬೇಕು ಎಂಬುದು ಚುನಾವಣಾ ಆಯೋಗ ಪಾಲಿಸುವ ಅಳತೆ. ಮಹಾರಾಷ್ಟ್ರದಲ್ಲಿ ಸ್ಥಳೀಯ ಸಂಸ್ಥೆಗಳ ಚುನಾವಣೆ ನಿಂತದ್ದರಿಂದ ಮೇಲ್ಮನೆಯ ಇಂಥ ಸ್ಥಾನಗಳು ಖಾಲಿ ಬಿದ್ದವು. ನಮ್ಮಲ್ಲಿ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲೇ ಮುಗಿದಿತ್ತು. ಆ ವರ್ಷದ ಪರಿಷತ್ ಚುನಾವಣೆ ನಡೆದದ್ದು ಮುಖ್ಯವಾಗಿ ಗ್ರಾಮ ಪಂಚಾಯಿತಿ ಸದಸ್ಯರ ಮತದಿಂದ. ಆ ಗ್ರಾಮ ಪಂಚಾಯಿತಿಗಳು 2020ರ ಡಿಸೆಂಬರ್‌ನಲ್ಲಿ ಆಯ್ಕೆಯಾದವು, ಐದು ವರ್ಷದ ಅವಧಿಯವು. 2028ರ ಜನವರಿಗೆ ಮುಂಚೆ ಹೊಸ ಪಂಚಾಯಿತಿಗಳು ಕೂತಿರದಿದ್ದರೆ 25 ಸ್ಥಾನಗಳ ಸಾಲೇ ಖಾಲಿ ಆಗುತ್ತದೆ, ಬಹುಮತದ ಲೆಕ್ಕ 75ರ ಬದಲು 50ರ ಮೇಲೆ ನಡೆಯುತ್ತದೆ. ಆದ್ದರಿಂದ ಮೇಲ್ಮನೆಯ ಬಗ್ಗೆ ಆಸೆ ಇರುವವರು ಮೊದಲು ಕೇಳಬೇಕಾದದ್ದು ಊರಿನ ಪಂಚಾಯಿತಿ ಚುನಾವಣೆ ಯಾವಾಗ ಎಂದು.